ರಾತ್ರಿ ಒಂದೂವರೆಗೆ ನಮ್ಮೂರು

ಕಳೆದ ಬಾರಿಯ ಅಡಿಕೆ ಕೊನೆಕೊಯ್ಲಿನ ಸಮಯ. ಅಂಗಳದ ಚಪ್ಪರದಡಿ ಒಂಬತ್ತು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು. ಹಂಡೆಯಲ್ಲಿ ಚೊಗರು, ಅಡಿಕೆ ಬೇಯಿಸಿದ ರಸ, ಕುದಿಯುತ್ತಿತ್ತು. ವರ್ಷದ ದುಡಿಮೆಯೆಲ್ಲ ಕೈಗೆ ಬರುವ ಕಾಲ ಅದು. ಹನ್ನೊಂದು ಗಂಟೆಗೆ ಆಯಿ ಎಲ್ಲರಿಗೂ ಚಹಾ ಕೊಟ್ಟು ದೀಪ ಆರಿಸಿದಳು. ನಾನು ಒಳಗೆ ಕುಳಿತು, ಹಿಂದಿನ ವರ್ಷದ ಅದೇ ತಿಂಗಳ ರಾತ್ರಿಯ ಉಪಗ್ರಹ ಚಿತ್ರದಲ್ಲಿ ನಮ್ಮೂರನ್ನು ಹುಡುಕುತ್ತಿದ್ದೆ. ಶಿರಸಿ ಪೇಟೆ ಬೆಳ್ಳಗೆ ಹೊಳೆಯುತ್ತಿತ್ತು. ನಮ್ಮೂರಿದ್ದ ಜಾಗ ಬರೀ ಕಪ್ಪು.

ದತ್ತಾಂಶ ವಿಶ್ಲೇಷಣೆ ನನ್ನ ಉದ್ಯೋಗ, ಅದರ ಮೇಲೆ ನನಗೆ ಪ್ರೀತಿಯೂ ಇದೆ. ಲೆಕ್ಕಪತ್ರ ಸರಿಯಿಲ್ಲದ ದೇಶಗಳ ಬೆಳವಣಿಗೆಯನ್ನು ರಾತ್ರಿಯ ಬೆಳಕಿನಿಂದ ಅಂದಾಜು ಮಾಡಬಹುದೆಂದು 2012ರಲ್ಲಿ ಅರ್ಥಶಾಸ್ತ್ರಜ್ಞರು ತೋರಿಸಿಕೊಟ್ಟರು. 2016ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಇನ್ನೂ ಮುಂದೆ ಹೋಯಿತು. ಹಗಲಿನ ಚಿತ್ರ ನೋಡಿ ರಾತ್ರಿಯ ಬೆಳಕು ಎಷ್ಟಿದ್ದೀತೆಂದು ಊಹಿಸಲು ಯಂತ್ರಕ್ಕೆ ಕಲಿಸಿದರು. ಹಾಗೆ ಕಲಿಯುತ್ತ ಅದು ರಸ್ತೆ, ಊರು, ಹೊಲಗಳನ್ನು ಗುರುತಿಸತೊಡಗಿತು. ಆ ಕಲಿಕೆಯಿಂದಲೇ ನೈಜೀರಿಯಾ, ತಾಂಜಾನಿಯಾ, ಉಗಾಂಡಾ, ಮಲಾವಿ, ರುವಾಂಡಾಗಳ ಬಡತನದ ನಕ್ಷೆ ಸಿದ್ಧವಾಯಿತು. ಅದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಊಹೆ ಸರಿಯೋ ತಪ್ಪೋ ಎಂದು ತಾಳೆ ನೋಡಿದ್ದು ಮನೆಮನೆ ಸಮೀಕ್ಷೆಯ ಜೊತೆಗೆ. ಯಾರೋ ನಡೆದುಹೋಗಿ, ಜಗುಲಿಯ ಮೇಲೆ ಕುಳಿತು ಕೇಳಿ ಬರೆದುಕೊಂಡ ಉತ್ತರಗಳವು.

ನಾನು ನೋಡುತ್ತಿದ್ದ ಚಿತ್ರ ಸುವೋಮಿ ಎನ್‌ಪಿಪಿ ಉಪಗ್ರಹದ್ದು. 2011ರಲ್ಲಿ ಹಾರಿದ ಅದು ನಮ್ಮ ನೆತ್ತಿಯ ಮೇಲೆ ಬರುವುದು ನಡುರಾತ್ರಿ ಸುಮಾರು ಒಂದೂವರೆಗೆ. ಅಷ್ಟು ಹೊತ್ತಿಗೆ ಸುಲಿಯುವವರು ಮನೆ ಸೇರಿ ಎರಡು ತಾಸಾಗಿರುತ್ತದೆ. ಹಗಲಿನ ಚಿತ್ರವೂ ಹೆಚ್ಚೇನು ಹೇಳುವುದಿಲ್ಲ. ಮನೆ ಮರಗಳ ಮರೆಯಲ್ಲಿ, ತೋಟ ಕಣಿವೆಯಲ್ಲಿ. ಕಲಿಸದ ಯಂತ್ರಕ್ಕೆ ತೋಟಕ್ಕೂ ಸುತ್ತಲಿನ ಬೆಟ್ಟಕ್ಕೂ ವ್ಯತ್ಯಾಸ ಕಾಣುವುದಾದರೂ ಹೇಗೆ?

ಘಟ್ಟದ ಕೆಳಗೆ ಇದಕ್ಕೆ ತದ್ವಿರುದ್ಧ. ಕಾರವಾರದಿಂದ ಭಟ್ಕಳದವರೆಗಿನ ಕಡಲಲ್ಲಿ ಕೆಲವು ರಾತ್ರಿ ಚುಕ್ಕಿಚುಕ್ಕಿ ಬೆಳಕು. ಅದು ಊರಲ್ಲ, ದೋಣಿ. ಪ್ರಖರ ದೀಪ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆ ಬೆಳಕು ಸಣ್ಣ ದೋಣಿಯವರ ಪಾಲಿಗೆ ನಷ್ಟವೇ ಹೊರತು ಸಂಪತ್ತಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಜೂನ್, ಜುಲೈ. ಯಾಂತ್ರೀಕೃತ ದೋಣಿಗಳಿಗೆ ಆ 61 ದಿನ ಕಡಲಿಗಿಳಿಯುವಂತಿಲ್ಲ. ಕರಾವಳಿಯಲ್ಲಿ ಕೈ ಬರಿದಾಗುವ ತಿಂಗಳುಗಳು ಅವೇ, ದಟ್ಟ ಮೋಡ ಕವಿಯುವುದೂ ಆಗಲೇ. ಆ ತಿಂಗಳ ಕಡತ ತೆರೆದರೆ ಮೋಡವಿಲ್ಲದ ರಾತ್ರಿಗಳ ಎಣಿಕೆ ಬಹುತೇಕ ಸೊನ್ನೆ. ವರ್ಷದ ಸರಾಸರಿ ಕಟ್ಟುವಾಗ ಆ ಸೊನ್ನೆಗಳನ್ನು ಬಿಟ್ಟುಬಿಡುತ್ತೇವೆ, ನಾನೂ ಬಿಟ್ಟಿದ್ದೇನೆ. ಹಾಗೆ ಬಿಟ್ಟಾಗ ಹಸಿವಿನ ತಿಂಗಳುಗಳೇ ಲೆಕ್ಕದಿಂದ ಹೊರಗೆ ಬೀಳುತ್ತವೆ.

ಕಾಲೇಜಿನ ಗೆಳತಿಯ ತಾಯಿ ತದಡಿಯಲ್ಲಿ ಮೀನು ಮಾರುತ್ತಾರೆ. ಮಳೆಗಾಲದ ಖರ್ಚು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದೆ. ಅವರು ಮಾತಾಡಲಿಲ್ಲ, ಎಡಗೈ ಚಾಚಿದರು. ಮಣಿಕಟ್ಟಿನ ಮೇಲೆ ಎರಡು ಚಿನ್ನದ ಬಳೆ. ಒಂದು ತೆಳ್ಳಗಾಗಿ ಅಂಚು ಸವೆದಿತ್ತು.

“ಜೂನ್‌ನಲ್ಲಿ ಬಂದರೆ ಇವು ಇಲ್ಲಿರುವುದಿಲ್ಲ” ಎಂದರು. “ಅಡವಿಡುತ್ತೇನೆ. ಚವತಿಗೆ ಬಿಡಿಸಿಕೊಳ್ಳುತ್ತೇನೆ. ಒಂದು ವರ್ಷ ಮಾತ್ರ ದೀಪಾವಳಿಯವರೆಗೂ ಆಗಲಿಲ್ಲ.”

ಆ ವರ್ಷ ಯಾವುದೆಂದು ಕೇಳಿ ಬರೆದುಕೊಂಡೆ.

ಮನೆಗೆ ಬಂದು ನನ್ನ ಕೋಷ್ಟಕದಲ್ಲಿ ಬೆಳಕಿನ ಅಂಕಣದ ಪಕ್ಕದಲ್ಲೇ ಹೊಸದೊಂದು ಅಂಕಣ ಸೇರಿಸಿದೆ. ಅದರ ಹೆಸರು ‘ಬಳೆ’. ಅಡವಿಟ್ಟ ತಿಂಗಳು, ಬಿಡಿಸಿಕೊಂಡ ತಿಂಗಳು, ಅಷ್ಟೇ. ಯಾರ ಹೆಸರನ್ನೂ ಬರೆಯುವುದಿಲ್ಲ. ಈವರೆಗೆ ಹದಿನಾಲ್ಕು ಮನೆಗಳಾಗಿವೆ. ಮಳೆ ಹಿಡಿಯುವ ಮೊದಲು ನಲವತ್ತಾದರೂ ಆಗಬೇಕು.