ನಕ್ಷತ್ರಿಕನ ಪಾರ್ಟು ಹಿಡಿದವರು ನರಸಿಂಹರಾಜು ಅವರಲ್ಲಿ ನೋಡಬೇಕಾದದ್ದು

ತುಮಕೂರು ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಜಾತ್ರೆಗೆ, ಹಬ್ಬಕ್ಕೆ ರಾತ್ರಿಯಿಡೀ ಪೌರಾಣಿಕ ನಾಟಕ ಆಡುತ್ತಾರೆ. ಕುರುಕ್ಷೇತ್ರಕ್ಕೇ ಬೇಡಿಕೆ ಹೆಚ್ಚು, ಆದರೂ ಹರಿಶ್ಚಂದ್ರ ಕಟ್ಟುವ ಊರುಗಳಿವೆ. ಅಲ್ಲಿ ಹರಿಶ್ಚಂದ್ರನನ್ನು ಕಾಡುವ ವಿಶ್ವಾಮಿತ್ರನ ಶಿಷ್ಯ ನಕ್ಷತ್ರಿಕನ ಪಾರ್ಟು ಸಿಕ್ಕವನು ಮೊದಲು ಮಾಡುವ ಕೆಲಸ, ಮೊಬೈಲಿನಲ್ಲಿ 1965ರ ‘ಸತ್ಯ ಹರಿಶ್ಚಂದ್ರ’ ಸಿನಿಮಾ ಹಾಕಿಕೊಂಡು ಅದರಲ್ಲಿ ಆ ಪಾರ್ಟು ಮಾಡಿದ ಹಾಸ್ಯನಟ ನರಸಿಂಹರಾಜು ಅವರ ಮೂತಿ, ಮುಂದಿನ ಹಲ್ಲು, ಸಣ್ಣ ದನಿ ಇವನ್ನು ಕಲಿಯುವುದು. ಪಾರ್ಟು ಕೆಡುವುದು ಅಲ್ಲಿಂದಲೇ. ಹಲ್ಲು ಅವರಿಗೆ ದೇವರು ಕೊಟ್ಟದ್ದು. ಉಳಿದದ್ದನ್ನೆಲ್ಲ ಅವರು ಕಂಪನಿ ನಾಟಕದಲ್ಲಿ ವರ್ಷಗಟ್ಟಲೆ ದುಡಿದು ಗಳಿಸಿದ್ದು. ಕಲಿಯಬೇಕಾದದ್ದು ಆ ದುಡಿದದ್ದನ್ನು.

ಅವರು ಹುಟ್ಟಿದ್ದು 1923ರಲ್ಲಿ, ಕೊಬ್ಬರಿಯ ತಿಪಟೂರಿನಲ್ಲಿ. ಇನ್ನೂ ಎಳೆಯ ಮಗುವಾಗಿದ್ದಾಗಲೇ ನಾಟಕ ಕಂಪನಿ ಸೇರಿ ಪ್ರಹ್ಲಾದ, ಲೋಹಿತಾಶ್ವ, ಮಾರ್ಕಂಡೇಯ ಇಂಥ ಬಾಲಪಾತ್ರ ಮಾಡಿದರು. ಇವನ್ನು ಮುದ್ದು ಮುಖದ ಹುಡುಗನಿಗೆ ಕೊಡುವ ಸುಲಭದ ಪಾರ್ಟು ಅಂದುಕೊಳ್ಳಬೇಡಿ. ಲೋಹಿತಾಶ್ವನಿಗೆ ಹಾವು ಕಚ್ಚಿದ ಮೇಲೆ ಚಂದ್ರಮತಿ ಹಾಡಿಕೊಂಡು ಅಳುವಷ್ಟು ಹೊತ್ತೂ ಹುಡುಗ ಹೆಣವಾಗಿ ಬಿದ್ದಿರಬೇಕು. ಒನ್ಸ್‌ಮೋರ್ ಕೂಗಿದರೆ ಹಾಡು ಮತ್ತೆ ಮೊದಲಿಂದ. ಮೈಮೇಲೆ ಸೊಳ್ಳೆ ಕೂತರೂ ಅಲ್ಲಾಡುವಂತಿಲ್ಲ. ಎದೆ ಏರಿಳಿದದ್ದು ಮುಂದಿನ ಸಾಲಿಗೆ ಕಂಡರೆ ಚಂದ್ರಮತಿಯ ಅಳುವೇ ನಗೆಪಾಟಲು. ಮಾತಿಲ್ಲದ ಹೊತ್ತಿನಲ್ಲಿ ಮೈಯನ್ನು ಹಿಡಿತದಲ್ಲಿಡುವ ಪಾಠ ಅದು. ಮುಂದೆ ಸಿನಿಮಾದಲ್ಲಿ ಪಕ್ಕದವರು ಮಾತಾಡುವಾಗ ನರಸಿಂಹರಾಜು ಕೇಳಿಸಿಕೊಳ್ಳುವ ರೀತಿ ನೋಡಿ, ಆ ಪಾಠ ಎಷ್ಟು ಗಟ್ಟಿಯಾಗಿತ್ತು ಅಂತ ತಿಳಿಯುತ್ತದೆ.

ಹಲವು ಕಂಪನಿಗಳಲ್ಲಿ ಪಳಗಿ ಅವರು ಬಂದು ಸೇರಿದ್ದು ಗುಬ್ಬಿ ಕಂಪನಿಗೆ. 1884ರಲ್ಲಿ ಹುಟ್ಟಿದ ಆ ಕಂಪನಿಯನ್ನು ಮೇಲಕ್ಕೆ ತಂದ ಗುಬ್ಬಿ ವೀರಣ್ಣನವರು ಸ್ವತಃ ಹಾಸ್ಯನಟರು. ‘ಸದಾರಮೆ’ಯ ಕಳ್ಳನ ಪಾರ್ಟಿನಲ್ಲಿ ಅವರನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಇದು ಸಣ್ಣ ಸಂಗತಿ ಅಲ್ಲ. ಮಾಲೀಕನೇ ಹಾಸ್ಯದ ಪಾರ್ಟು ಮಾಡುವ ಕಂಪನಿಯಲ್ಲಿ ಹಾಸ್ಯವೆಂದರೆ ಸೀನು ಬದಲಿಸುವ ತನಕ ಪರದೆ ಮುಂದೆ ಹೊತ್ತು ಕಳೆಯುವ ಕೆಲಸ ಆಗಲಾರದು. ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಆ ಗರಡಿಯವರೇ.

1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಬಂತು. ರಾಜ್‌ಕುಮಾರ್ ಅವರು ನಾಯಕರಾದ ಮೊದಲ ಚಿತ್ರ, ನರಸಿಂಹರಾಜು ಅವರಿಗೂ ಅದೇ ಮೊದಲು. ಸ್ಟೇಜಿನಿಂದ ಕ್ಯಾಮೆರಾ ಮುಂದೆ ಬಂದ ಹಾಸ್ಯನಟನಿಗೆ ಎದುರಾಗುವ ದೊಡ್ಡ ತೊಡಕು ನಗು. ಸ್ಟೇಜಿನಲ್ಲಿ ಜನರ ನಗು ಏರುತ್ತದೆ, ಒಂದು ಗಳಿಗೆ ನಿಲ್ಲುತ್ತದೆ, ಇಳಿಯತೊಡಗುತ್ತದೆ. ಇಳಿಯಲು ಶುರುವಾದಾಗ ಮುಂದಿನ ಮಾತು ಎತ್ತಬೇಕು. ಏರುವಾಗಲೇ ಎತ್ತಿದರೆ ಮಾತು ಮುಳುಗುತ್ತದೆ, ಪೂರಾ ಆರಿದ ಮೇಲೆ ಎತ್ತಿದರೆ ಸೀನು ತಣ್ಣಗಾಗುತ್ತದೆ. ಸ್ಟುಡಿಯೋದಲ್ಲಿ ನಗುವವರೇ ಇಲ್ಲ. ನಾಳೆ ಥಿಯೇಟರಿನಲ್ಲಿ ಎಷ್ಟು ಹೊತ್ತು ನಗುತ್ತಾರೆಂದು ಇವತ್ತೇ ಊಹಿಸಿ ಜಾಗ ಬಿಡಬೇಕು. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ; 3 ಸೆಕೆಂಡು ಸುಮ್ಮನೆ ನಿಂತರೆ ನಾಲ್ಕೂವರೆ ಅಡಿ ಫಿಲಂ ಖರ್ಚು. ಅಷ್ಟೇ ಅಲ್ಲ, ಜನ ನಗದೇ ಹೋದರೆ ಆ 3 ಸೆಕೆಂಡು ತೆರೆಯ ಮೇಲೆ ಗುಂಡಿಯ ಹಾಗೆ ಕಾಣುತ್ತದೆ. ನರಸಿಂಹರಾಜು ಆ ಜಾಗವನ್ನು ಬರಿದಾಗಿ ಬಿಡುವವರಲ್ಲ. ಕಣ್ಣರಳಿಸುತ್ತಾರೆ, ಕತ್ತು ಹೊರಳಿಸುತ್ತಾರೆ, ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಜನ ನಕ್ಕರೆ ಅದು ನಗುವಿನಲ್ಲಿ ಸೇರಿಹೋಗುತ್ತದೆ, ನಗದಿದ್ದರೆ ಅದೇ ಮುಂದಿನ ಮಾತಿಗೆ ಮೆಟ್ಟಿಲು. 250ಕ್ಕೂ ಹೆಚ್ಚು ಚಿತ್ರಗಳ ಬೆನ್ನಹಿಂದೆ ಇರುವ ಲೆಕ್ಕಾಚಾರ ಇದು.

ಬಾಲಕೃಷ್ಣ ಅವರ ಜೊತೆಗಿನ ಸೀನುಗಳನ್ನು ಒಮ್ಮೆ ಸೌಂಡ್ ತೆಗೆದು ನೋಡಿ. ಬಾಲಣ್ಣನವರಿಗೆ ಕಿವಿ ಮಂದ. ಎದುರಿನವರ ತುಟಿ ನೋಡಿಕೊಂಡು ತಮ್ಮ ಮಾತು ಎತ್ತುತ್ತಿದ್ದರು. ಅಂಥವರ ಜೊತೆ ಆಡುವವನು ಮಾತಿನ ತುದಿಯನ್ನು ಮುಖದಲ್ಲಿ ಕಾಣಿಸಲೇಬೇಕು. ಬೆನ್ನು ತಿರುಗಿಸಿಕೊಂಡು ಮಾತು ಮುಗಿಸಿದರೆ ಜೊತೆಯವನ ಕೈಗೆ ಏನೂ ಸಿಗುವುದಿಲ್ಲ. ಈ ಜೋಡಿಯಲ್ಲಿ ಒಬ್ಬರ ಮಾತು ಇನ್ನೊಬ್ಬರ ಮೇಲೆ ಬೀಳದೆ ನಡೆದದ್ದು ಕನ್ನಡ ಸಿನಿಮಾದ ಭಾಗ್ಯ ಅಂತಲೇ ಹೇಳುತ್ತೇನೆ. ರಾಜ್‌ಕುಮಾರ್, ಜಿ.ವಿ. ಅಯ್ಯರ್ ಜೊತೆ ಈ ಇಬ್ಬರೂ ಸೇರಿ 1960ರ ‘ರಣಧೀರ ಕಂಠೀರವ’ವನ್ನು ತಾವೇ ನಿರ್ಮಿಸಿದರು. 1970ರ ‘ಶ್ರೀ ಕೃಷ್ಣದೇವರಾಯ’ದಲ್ಲಿ ನರಸಿಂಹರಾಜು ತೆನಾಲಿ ರಾಮಕೃಷ್ಣ. 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ ನಿರ್ಮಿಸಿದರು. 1979ರಲ್ಲಿ ತೀರಿಕೊಂಡಾಗ ಅವರಿಗೆ ಅರವತ್ತೂ ಆಗಿರಲಿಲ್ಲ.

ಇನ್ನು ನಕ್ಷತ್ರಿಕ. ಅವನು ಸಾಲ ವಸೂಲಿಗೆ ಬಂದವನು. ವಿಶ್ವಾಮಿತ್ರ ಗುರುವಿನ ಅಪ್ಪಣೆ ಹೊತ್ತು ಹರಿಶ್ಚಂದ್ರನ ಬೆನ್ನು ಹತ್ತಿದ್ದಾನೆ. ದುಡ್ಡು ನಿಜವಾಗಿ ಬೇಕು ಅನ್ನುವ ಹಾಗೇ ಕೇಳುತ್ತಾನೆ. ಹಸಿವು, ಬಾಯಾರಿಕೆ, ಕಾಲುನೋವು ಅಂತ ಅವನು ಹೂಡುವ ರಗಳೆಯೆಲ್ಲ ರಾಜ ಒಂದು ಸುಳ್ಳು ಆಡಿಬಿಡಲಿ ಅನ್ನುವುದಕ್ಕೆ. ಹಳ್ಳಿ ನಾಟಕದಲ್ಲಿ ಇದನ್ನು ಕೋಡಂಗಿ ಪಾರ್ಟು ಮಾಡಿ ಚಾಲ್ತಿಯ ರಾಜಕೀಯ, ಪಂಚಾಯಿತಿ ಜೋಕು ತುರುಕುತ್ತಾರೆ. ಜನ ನಗುತ್ತಾರೆ, ನಿಜ. ಆದರೆ ಅದಾದ ಮೇಲೆ ಚಂದ್ರಮತಿಯನ್ನು ಹರಾಜಿಗೆ ನಿಲ್ಲಿಸುವ ಸೀನು ಬರುತ್ತದೆ. ಅದಕ್ಕೆ ಬೇಕಾದ ಸಂಕಟ ಅಷ್ಟೊತ್ತಿಗೆ ಚದುರಿಹೋಗಿರುತ್ತದೆ. ಸಿನಿಮಾದಲ್ಲಿ ನರಸಿಂಹರಾಜು ತಾನು ತಮಾಷೆ ಮಾಡುತ್ತಿದ್ದೇನೆ ಅಂತ ಎಲ್ಲೂ ತೋರಿಸಿಕೊಳ್ಳುವುದಿಲ್ಲ. ರಾಜ್‌ಕುಮಾರ್ ಮಾತಾಡುವಾಗ ಅವರ ಕಣ್ಣು ರಾಜನ ಮೇಲೇ. ಹಾಗಾಗಿ ಚಿತ್ರವನ್ನು ನಕ್ಷತ್ರಿಕನ ಮಾತಿಗಾಗಿ ಒಂದು ಸಲ, ಹರಿಶ್ಚಂದ್ರ ಮಾತಾಡುವಾಗ ನಕ್ಷತ್ರಿಕ ಏನು ಮಾಡುತ್ತಿದ್ದಾನೆ ಅಂತ ಎರಡು ಸಲ ನೋಡಿ.

ಮೈಕಿನ ವಿಷಯ ಒಂದಿದೆ. ಓಡಾಟ, ಕುಣಿತ ಎಲ್ಲ ಎದುರಿನವನ ಮಾತಿನ ಹೊತ್ತಿನಲ್ಲಿ ಅಥವಾ ಜನ ನಗುವಾಗ ಮುಗಿಸಿಕೊಳ್ಳಿ. ನಿಮ್ಮ ಮಾತು ಬರುವಷ್ಟರಲ್ಲಿ ಮೈಕಿನ ಕೆಳಗೆ ನಿಂತಿರಬೇಕು. ನಡೆಯುತ್ತಾ ಆಡಿದ ಹಾಸ್ಯದ ಮಾತಿನ ಕೊನೆಯ ಪದ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ, ನಗು ಕೂತಿರುವುದು ಆ ಕೊನೆಯ ಪದದಲ್ಲೇ.

ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಟ್ರಯಲ್ ದಿನವೇ ಮಾತಾಡಿಕೊಳ್ಳಿ. ಮಾತು ಮುಗಿದ ತಕ್ಷಣ ಅವರು ಶ್ರುತಿ ಹಿಡಿದರೆ ಜನ ನಗುವುದನ್ನು ಬಿಟ್ಟು ಹಾಡಿಗೆ ಕಿವಿ ಕೊಡುತ್ತಾರೆ. ಎಲ್ಲೆಲ್ಲಿ ನಗು ಬರಬೇಕೋ ಅಲ್ಲಿ ನಿಮ್ಮ ಪುಸ್ತಕದಲ್ಲೂ ಮೇಷ್ಟ್ರ ಪುಸ್ತಕದಲ್ಲೂ ಪೆನ್ಸಿಲಿನಲ್ಲಿ ಗೀಟು ಹಾಕಿ. ಇಡೀ ಪಾರ್ಟಿಗೆ ಏಳೆಂಟು ಗೀಟು ಸಾಕು. ಪೆನ್ಸಿಲೇ ಇರಲಿ: ಮೊದಲ ಆಟದಲ್ಲಿ ಜನ ನೀವು ಎಣಿಸದ ಕಡೆ ನಗುತ್ತಾರೆ, ಎರಡನೇ ಆಟಕ್ಕೆ ಗೀಟು ಅಲ್ಲಿಗೆ ಹೋಗಬೇಕಾಗುತ್ತದೆ.