ಮಂಡಿ ಆಪರೇಷನ್ ಆದ ಎಷ್ಟು ದಿನಕ್ಕೆ ನಡೆಯಬಹುದು?

ಮಂಡಿ ಬದಲಿಸಿಕೊಳ್ಳಲು ಹೊರಟವರು, ಅವರಿಗಿಂತ ಹೆಚ್ಚಾಗಿ ಅವರ ಮಕ್ಕಳು, ಮೊದಲು ಕೇಳುವುದು ಇದನ್ನೇ. ಉತ್ತರ ಚಿಕ್ಕದು: ಮಾರನೆಯ ದಿನ. ಬೆಳಿಗ್ಗೆ ಆಪರೇಷನ್ ಆದವರನ್ನು ಹಲವು ಕಡೆ ಅದೇ ಸಂಜೆ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಕೃತಕ ಕೀಲನ್ನು ಮೂಳೆಗೆ ಅಂಟಿಸುವ ಸಿಮೆಂಟು ಆಪರೇಷನ್ ಟೇಬಲ್ ಮೇಲೆಯೇ ಗಟ್ಟಿಯಾಗಿರುತ್ತದೆ. ಭಾರ ಬಿಟ್ಟರೆ ಕಿತ್ತುಬರುತ್ತದೇನೋ ಎಂಬ ಹೆದರಿಕೆ ಬೇಡ.

ಆದರೆ ಈ ಪ್ರಶ್ನೆ ತಪ್ಪು ಜಾಗದಲ್ಲಿ ಕಣ್ಣಿಡುತ್ತದೆ. ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿ ಸುಮಾರು 65 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 85–90 ಬೇಕು, ಕುರ್ಚಿಯಿಂದ ಕೈ ಊರದೆ ಏಳಲು 95–105. ಅಂದರೆ ಮಂಡಿ ಸೆಟೆದುಕೊಂಡಿದ್ದರೂ ಮನುಷ್ಯ ಮನೆಯ ಹಾಲ್‌ನಲ್ಲಿ ಆರಾಮಾಗಿ ಓಡಾಡುತ್ತಿರುತ್ತಾನೆ. ‘ಚೆನ್ನಾಗಿ ನಡೀತಿದ್ದಾರೆ’ ಎಂದು ಮನೆಯವರು ಸಮಾಧಾನಪಟ್ಟುಕೊಂಡು ವ್ಯಾಯಾಮ ಬಿಡಿಸುವುದು ಇಂಥ ಹೊತ್ತಿನಲ್ಲೇ. ಎಣಿಸಬೇಕಾದದ್ದು ಹೆಜ್ಜೆಯನ್ನಲ್ಲ, ಮಂಡಿ ಎಷ್ಟು ಮಡಚುತ್ತದೆ ಎಂಬುದನ್ನು. ಅದಕ್ಕೂ ಮೊದಲು ಎಷ್ಟು ನೇರವಾಗುತ್ತದೆ ಎಂಬುದನ್ನು.

ಆಪರೇಷನ್‌ನಲ್ಲಿ ತೊಡೆಮೂಳೆಯ ತುದಿಯಿಂದಲೂ ಕೆಳಗಿನ ಮೂಳೆಯ ತಲೆಯಿಂದಲೂ ಸುಮಾರು 8–10 ಮಿಲಿಮೀಟರ್ ಕತ್ತರಿಸಿ, ಮೇಲೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಹೊದಿಕೆ, ಕೆಳಗೆ ಲೋಹದ ತಟ್ಟೆ, ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತುಂಡು ಕೂರಿಸುತ್ತಾರೆ. ಮೂಳೆಯ ಕೆಲಸ ಅಲ್ಲಿಗೆ ಮುಗಿಯಿತು. ಸುತ್ತಲಿನ ಸ್ನಾಯು, ಕೀಲಿನ ಪೊರೆ ಮಾಯಬೇಕು, ಮಾಯುವಾಗ ಬಿಗಿಯುತ್ತವೆ. ಮಂಡಿಯನ್ನು ಯಾವ ಭಂಗಿಯಲ್ಲಿ ಹೆಚ್ಚು ಹೊತ್ತು ಇಡುತ್ತೀರೋ ಅದೇ ಅಳತೆಗೆ ಬಿಗಿಯುತ್ತವೆ. ಮೊದಲ ಆರು ವಾರಕ್ಕೆ ಇಷ್ಟು ಮಹತ್ವ ಬಂದಿರುವುದು ಇದರಿಂದ.

ಹಾಗಾಗಿ ಮನೆಗೆ ಬಂದ ಮೊದಲ ರಾತ್ರಿಯೇ ನಡೆಯುವ ದೊಡ್ಡ ತಪ್ಪೆಂದರೆ ಮಂಡಿಯ ಕೆಳಗೆ ದಿಂಬು. ನೋವಿಗೆ ಅದು ಹಿತ, ಯಾರಾದರೂ ಪ್ರೀತಿಯಿಂದಲೇ ಇಟ್ಟಿರುತ್ತಾರೆ. ವಾರಗಟ್ಟಲೆ ಹಾಗೆ ಮಲಗಿದರೆ ಮಂಡಿ ಬಾಗಿದಲ್ಲೇ ನಿಲ್ಲುತ್ತದೆ. ಆ ಕಾಲು ಗಿಡ್ಡವಾದಂತಾಗಿ ಕುಂಟು, ಅದರ ಹಿಂದೆಯೇ ಸೊಂಟನೋವು. ದಿಂಬಿಡುವುದಾದರೆ ಹಿಮ್ಮಡಿಯ ಕೆಳಗೆ ಇಡಿ: ಸುತ್ತಿದ ಟವೆಲ್ ಮೇಲೆ ಹಿಮ್ಮಡಿ, ಮಂಡಿಗೆ ಯಾವ ಆಸರೆಯೂ ಇಲ್ಲ, 10 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಆಗ ಅದು ತನ್ನ ಭಾರಕ್ಕೆ ತಾನೇ ನೇರವಾಗುತ್ತದೆ. ಎಷ್ಟಾಯಿತು ನೋಡಲು ಅವರನ್ನು ಕಾಲು ಚಾಚಿ ಮಲಗಿಸಿ, ಮಂಡಿಯ ಹಿಂದೆ ನಿಮ್ಮ ಅಂಗೈ ತೂರಿಸಿ, ಅದನ್ನು ಮಂಡಿಯಿಂದ ಒತ್ತಿ ಹಿಡಿಯಲು ಹೇಳಿ. ಕೈ ಸಲೀಸಾಗಿ ಆಚೆ ಬಂದರೆ ಇನ್ನೂ ಕೆಲಸವಿದೆ.

ಉಳಿದ ವ್ಯಾಯಾಮಗಳು ಬೇಸರ ಬರುವಷ್ಟು ಸರಳ. ಎಚ್ಚರವಿದ್ದಾಗಲೆಲ್ಲ ಗಂಟೆಗೊಮ್ಮೆ ಪಾದವನ್ನು 20 ಸಲ ಮೇಲೆ ಕೆಳಗೆ ಆಡಿಸುವುದು, ಇದು ರಕ್ತ ಹೆಪ್ಪುಗಟ್ಟದಿರಲಿ ಎಂದು. ತೊಡೆಯನ್ನು ಬಿಗಿಹಿಡಿದು ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು. ಹಿಮ್ಮಡಿಯನ್ನು ಜಾರಿಸುತ್ತಾ ಮಡಚುವುದು, ಕುರ್ಚಿಯಲ್ಲಿ ಕೂತು ಪಾದವನ್ನು ಹಿಂದಕ್ಕೆ ಎಳೆಯುವುದು. ಒಂದೊಂದೂ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಬರುವಂತೆ ಹೊಂದಿಸಿಕೊಳ್ಳಿ. ಮಾತ್ರೆ ಬಿಟ್ಟು ಹಲ್ಲು ಕಚ್ಚುವುದರಲ್ಲಿ ಶೌರ್ಯವೇನಿಲ್ಲ, ನೋವಿಗೆ ಹೆದರಿ ಮಂಡಿ ಮಡಚದೆ ಉಳಿಯುತ್ತದೆ ಅಷ್ಟೇ. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್, 15–20 ನಿಮಿಷ.

ಲೆಕ್ಕ ಹೀಗಿಟ್ಟುಕೊಳ್ಳಿ: ಎರಡು ವಾರಕ್ಕೆ ಪೂರ್ತಿ ನೇರ ಅಥವಾ ಅದರ ಹತ್ತಿರ, ಮಡಚುವುದು 90 ಡಿಗ್ರಿ. ಆರು ವಾರದ ಹೊತ್ತಿಗೆ 110ರ ಆಸುಪಾಸು. ಆರೇಳು ವಾರವಾದರೂ 90 ದಾಟದಿದ್ದರೆ ಸರ್ಜನ್ ಹತ್ತಿರ ಹೋಗಲೇಬೇಕು. ಅರಿವಳಿಕೆ ಕೊಟ್ಟು ಕೈಯಿಂದಲೇ ಮಡಚಿ ಬಿಡಿಸುವ ವಿಧಾನವಿದೆ, ಆದರೆ ಅದು ಚೆನ್ನಾಗಿ ಫಲ ಕೊಡುವುದು ಮೊದಲ ಮೂರು ತಿಂಗಳೊಳಗೆ. ‘ಹಬ್ಬ ಮುಗೀಲಿ, ನೋಡೋಣ’ ಎಂದವರಿಗೆ ಆ ಬಾಗಿಲು ಮುಚ್ಚಿರುತ್ತದೆ.

ಇನ್ನು ತಯಾರಿ. ಆಪರೇಷನ್‌ಗೆ ಮೊದಲೇ ತೊಡೆ ಗಟ್ಟಿಯಿದ್ದವರು ಬೇಗ ಎದ್ದೇಳುತ್ತಾರೆ, ಹಾಗಾಗಿ ಮೇಲಿನ ವ್ಯಾಯಾಮಗಳನ್ನು ಒಂದು ತಿಂಗಳು ಮುಂಚೆಯೇ ಶುರುಮಾಡಿ. ಸಕ್ಕರೆ ಕಾಯಿಲೆಯಿದ್ದರೆ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) 7.5–8ರೊಳಗೆ ಬರುವವರೆಗೆ ತಾರೀಖು ಮುಂದೂಡುವುದೇ ಜಾಣತನ. ಹುಳುಕು ಹಲ್ಲು, ಉರಿಮೂತ್ರ, ಕಾಲಿನ ಬಿರುಕು, ಬೆರಳ ಸಂದಿಯ ಕೆಸರುಹುಣ್ಣು ಇವೆಲ್ಲ ಮೊದಲೇ ವಾಸಿಯಾಗಬೇಕು. ಅಲ್ಲಿಂದ ಹೊರಟ ರೋಗಾಣು ಹೊಸ ಕೀಲಿಗೆ ಬಂದು ಕೂರಬಹುದು. ಹಿಂದಿನ ದಿನ ಮನೆಯಲ್ಲಿ ಕಾಲಿಗೆ ಬ್ಲೇಡು ಹಾಕಬೇಡಿ, ಸಣ್ಣ ಗೀರೂ ಸೋಂಕಿಗೆ ದಾರಿ. ಅದೇ ಮಂಡಿಗೆ ಮೂರು ತಿಂಗಳೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಮುಚ್ಚಿಡದೆ ಹೇಳಿ, ಅದರಿಂದಲೂ ಸೋಂಕಿನ ಅಪಾಯ ಹೆಚ್ಚು.

ಮಾತ್ರೆಗಳ ಚೀಟಿಯನ್ನಲ್ಲ, ಮಾತ್ರೆಗಳನ್ನೇ ಚೀಲದಲ್ಲಿ ಹಾಕಿ ಅರಿವಳಿಕೆ ವೈದ್ಯರ ಮುಂದಿಡಿ. ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುಮಾಡುವ ಮಾತ್ರೆಯನ್ನು ಸಾಮಾನ್ಯವಾಗಿ 5–7 ದಿನ ಮೊದಲು ನಿಲ್ಲಿಸುತ್ತಾರೆ, ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ವೈದ್ಯರನ್ನು ಕೇಳದೆ ಮುಟ್ಟಬಾರದು. ಸಕ್ಕರೆಗೆ ಈಚೆಗೆ ಹಲವರಿಗೆ ಬರೆಯುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಉಪವಾಸದ ಹೊತ್ತಿನಲ್ಲಿ, ಸಕ್ಕರೆ ಸರಿಯಿದ್ದಂತೆ ಕಂಡರೂ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಅಪಾಯವಾಗುವುದುಂಟು. ಎರಡು ಔಷಧ ಸೇರಿಸಿದ ಸಂಯುಕ್ತ ಮಾತ್ರೆಗಳಲ್ಲಿ ಈ ಹೆಸರು ಎರಡನೆಯದಾಗಿ, ಚಿಕ್ಕ ಅಕ್ಷರದಲ್ಲಿ ಅಡಗಿರುತ್ತದೆ.

ಮನೆಯಲ್ಲಿ ಪಾಶ್ಚಾತ್ಯ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತಂದಿಡಿ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿ, ಕಾಲೊರೆಸುವ ಚಾಪೆಗಳೆಲ್ಲ ಅಟ್ಟಕ್ಕೆ. 18–20 ಇಂಚು ಎತ್ತರದ, ಕೈಯಿರುವ ಕುರ್ಚಿ ಒಂದು ಸಾಕು. ಮೆತ್ತನೆ ಸೋಫಾದಿಂದ ಏಳಲಾಗುವುದಿಲ್ಲ. ವಾಕರ್ ಎತ್ತರ ಎಂದರೆ, ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು.

ಕೀಲಿನ ಬೆಲೆಗೆ 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಬಿಲ್ಲಿನಲ್ಲಿ ಕೀಲಿನ ಬೆಲೆ ಬೇರೆಯಾಗಿ ಕಾಣಬೇಕು. ಕೀಲಿನ ಪೆಟ್ಟಿಗೆಯ ಮೇಲಿನ, ಸಂಖ್ಯೆಯಿರುವ ಸ್ಟಿಕ್ಕರ್‌ಗಳು ಡಿಸ್ಚಾರ್ಜ್ ಕಾಗದದಲ್ಲಿ ಅಂಟಿವೆಯೇ ನೋಡಿಕೊಳ್ಳಿ: ಎಷ್ಟೋ ವರ್ಷದ ಮೇಲೆ ಪ್ಲಾಸ್ಟಿಕ್ ತುಂಡು ಮಾತ್ರ ಬದಲಿಸಬೇಕಾದರೆ ಆ ಸಂಖ್ಯೆಯಿಲ್ಲದೆ ಒದ್ದಾಟ.

ಊಟದ ವಿಷಯದಲ್ಲಿ ನಮ್ಮ ಕಡೆ ‘ನಂಜು’ ಎಂದು ಮೊಟ್ಟೆ, ಮೀನು, ಬದನೆಕಾಯಿ, ಬೇಳೆ ಎಲ್ಲ ಬಿಡಿಸಿ ಗಂಜಿ, ತಿಳಿಸಾರಿಗೆ ಇಳಿಸುತ್ತಾರೆ. ಗಾಯ ಮಾಯಲು ಬೇಕಾದ್ದೇ ಪ್ರೋಟೀನು. ಕಿಡ್ನಿ ತೊಂದರೆ ಇಲ್ಲದ 60 ಕಿಲೋ ತೂಕದವರಿಗೆ ದಿನಕ್ಕೆ 70–90 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ, ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಗಂಜಿಯಿಂದ ಈ ಲೆಕ್ಕ ತುಂಬುವುದಿಲ್ಲ. ಟ್ರಮಡಾಲ್‌ನಂಥ ನೋವಿನ ಮಾತ್ರೆಗೆ ಮಲಬದ್ಧತೆ ಕಟ್ಟಿಟ್ಟದ್ದು, ಅದಕ್ಕೆ ಔಷಧ ಮೊದಲೇ ಕೇಳಿ ಇಟ್ಟುಕೊಳ್ಳಿ.

ತೊಡೆಯಿಂದ ಪಾದದವರೆಗೆ ಕಪ್ಪುನೀಲಿ ಇಳಿದರೆ ಗಾಬರಿ ಬೇಡ. ಗಾಯದ ಹೊರಮಗ್ಗುಲಲ್ಲಿ ಚರ್ಮ ಜೋಮು ಹಿಡಿದಂತಿರುತ್ತದೆ, ಅಲ್ಲಿಯ ಸಣ್ಣ ನರ ಕತ್ತರಿಸಿರುತ್ತದೆ. ಮಂಡಿ ತಿಂಗಳುಗಟ್ಟಲೆ ಬೆಚ್ಚಗಿರಬಹುದು, ಸಂಜೆಗೆ ಊದಬಹುದು, ಟಕ್ ಎನ್ನಬಹುದು. ಮೊದಲ ಐದಾರು ವಾರ ರಾತ್ರಿ ನಿದ್ದೆಯಿಲ್ಲದಿರುವುದೂ ಸಾಮಾನ್ಯ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಆಮೇಲೆ ‘ಆಪರೇಷನ್ ಕೆಟ್ಟಿತು’ ಎಂದು ಕೊರಗುತ್ತಾರೆ.

ಮೀನಖಂಡ ಬಿಗಿದು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು ಬೇರೆ ಮಾತು. ಹೆಪ್ಪು ಇರಬಹುದು, ಆ ಗಂಟೆಯಲ್ಲೇ ಆಸ್ಪತ್ರೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಅಥವಾ ಇಂಜೆಕ್ಷನ್ನನ್ನು ‘ನಡೀತಿದ್ದೀನಲ್ಲ’ ಎಂದು ನಡುವೆ ಬಿಡಬಾರದು. ವಾರ ಕಳೆದರೂ ಗಾಯದಿಂದ ನೀರು ಜಿನುಗುತ್ತಿದ್ದರೆ ಹತ್ತಿರದ ಕ್ಲಿನಿಕ್‌ನಲ್ಲಿ ಆಂಟಿಬಯಾಟಿಕ್ ಬರೆಸಿಕೊಳ್ಳಬೇಡಿ, ಆಪರೇಷನ್ ಮಾಡಿದವರ ಬಳಿಗೇ ಹೋಗಿ. ಕೀಲಿನ ದ್ರವ ಪರೀಕ್ಷೆಗೆ ಮೊದಲೇ ಮಾತ್ರೆ ಬಿದ್ದರೆ ರೋಗಾಣು ಅರೆಜೀವವಾಗಿ ಅವಿತುಕೊಳ್ಳುತ್ತದೆ, ಪರೀಕ್ಷೆಯಲ್ಲಿ ಸಿಗುವುದಿಲ್ಲ. ಮೊದಲ ಕೆಲವು ವಾರದಲ್ಲಿ ಸಿಕ್ಕರೆ ತೊಳೆದು ಪ್ಲಾಸ್ಟಿಕ್ ತುಂಡು ಬದಲಿಸಿ ಕೀಲು ಉಳಿಸಬಹುದು. ತಡವಾದರೆ ಬಹುಪಾಲು ಕೀಲನ್ನೇ ತೆಗೆಯಬೇಕಾಗುತ್ತದೆ. ಹೊಲಿಗೆ ಅಥವಾ ಪಿನ್ ತೆಗೆಯುವುದು 12–14ನೇ ದಿನ. ಗಾಯ ಪೂರ್ತಿ ಒಣಗುವವರೆಗೆ ಎಣ್ಣೆ, ಅರಿಶಿನ ಯಾವುದೂ ಬೇಡ.

ಕಾರು ಓಡಿಸುವುದು ಆರು ವಾರದ ನಂತರ, ಬ್ರೇಕನ್ನು ಥಟ್ಟನೆ ಒತ್ತಲು ಬಂದರೆ. ಸ್ಕೂಟರ್‌ಗೆ ಮೂರು ತಿಂಗಳು ತಡೆಯಿರಿ. ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂರುವುದನ್ನು ಕೆಲವರು ಮಾಡುತ್ತಾರೆ, ಮಾಡಿದೊಡನೆ ಕೀಲು ಮುರಿಯುವುದೂ ಇಲ್ಲ. ಆದರೆ ಅಷ್ಟು ಮಡಚಿದಾಗ ಪ್ಲಾಸ್ಟಿಕ್ಕಿನ ಹಿಂಬದಿಯ ಅಂಚಿಗೆ ಭಾರ ಬೀಳುತ್ತದೆ, ಸವೆಯುವುದು ಅಲ್ಲಿಂದ. ದಿನನಿತ್ಯಕ್ಕೆ ಕುರ್ಚಿಯೋ ಎತ್ತರದ ಮಣೆಯೋ ಇರಲಿ.