ಹಾಸ್ಟೆಲ್ ವಿಳಾಸವೋ, ಊರಿನ ಮನೆಯೋ? ಮೊದಲ ಸಲ ವೋಟು ಹಾಕುವವರಿಗೆ

ಮಣಿಪಾಲ, ದೇರಳಕಟ್ಟೆ, ಸುರತ್ಕಲ್, ಉಜಿರೆಯ ಹಾಸ್ಟೆಲು, ಪಿಜಿಗಳಲ್ಲಿ ಇರುವವರು ಮತದಾರರ ಪಟ್ಟಿಗೆ ಸೇರುವ ಮೊದಲು ತೀರ್ಮಾನಿಸಬೇಕಾದದ್ದು ವಿಳಾಸ. ಅರ್ಜಿ ತುಂಬುವುದು ದೊಡ್ಡ ಕೆಲಸವಲ್ಲ. ಆದರೆ ಯೋಚಿಸದೆ ವಿಳಾಸ ಕೊಟ್ಟರೆ ಮತದಾನದ ದಿನ ನೀವು ಒಂದು ಕಡೆ, ನಿಮ್ಮ ವೋಟು ಇನ್ನೊಂದು ಕಡೆ.

ಮಾನ್ಯತೆ ಇರುವ, ಕನಿಷ್ಠ ಒಂದು ವರ್ಷದ ಕೋರ್ಸ್ ಓದುತ್ತಿರುವವರು ತಂದೆತಾಯಿ ಇರುವ ಊರಿನಲ್ಲಿ ಹೆಸರು ಸೇರಿಸಬಹುದು, ಇಲ್ಲವೇ ಈಗ ಉಳಿದುಕೊಂಡಿರುವ ಜಾಗದಲ್ಲಿ. ಎರಡರಲ್ಲಿ ಒಂದೇ. ಎರಡೂ ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ಬೇರೆಲ್ಲೂ ಹೆಸರಿಲ್ಲ ಎಂದು ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಮಂಜೇಶ್ವರ, ಕಾಸರಗೋಡಿನಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಬಂದು ಹೋಗುವವರಿಗೆ ಈ ಆಯ್ಕೆ ಇಲ್ಲ. ಅವರ ವಾಸ ಮನೆಯಲ್ಲಿ, ವೋಟೂ ಅಲ್ಲೇ.

ಊರು ಹತ್ತಿರವಿದೆ, ಆ ದಿನ ಕಾಲೇಜಿಗೆ ರಜೆ ಕೊಡುತ್ತಾರೆ ಎಂದು ಮನೆ ವಿಳಾಸ ಕೊಡುವವರು ಒಂದು ವಿಷಯ ನೋಡಿಕೊಳ್ಳಬೇಕು. ಬೈಂದೂರು ಉಡುಪಿ ಜಿಲ್ಲೆಯದೇ ಆದರೂ ಲೋಕಸಭೆಗೆ ಶಿವಮೊಗ್ಗ ಕ್ಷೇತ್ರಕ್ಕೆ ಸೇರುತ್ತದೆ. 2024ರಲ್ಲಿ ಉಡುಪಿಯಲ್ಲಿ ಏಪ್ರಿಲ್ 26ಕ್ಕೆ ಮತದಾನ, ಬೈಂದೂರಿನಲ್ಲಿ ಮೇ 7ಕ್ಕೆ. ಮಣಿಪಾಲದಲ್ಲಿ ಓದುವ ಬೈಂದೂರಿನ ಹುಡುಗಿಗೆ ಕಾಲೇಜಿನ ಮತದಾನದ ರಜೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಬೀದರಿನಿಂದಲೋ ಹೊರರಾಜ್ಯದಿಂದಲೋ ಬಂದು ನಾಲ್ಕೈದು ವರ್ಷ ಇಲ್ಲೇ ಇರುವವರಿಗಂತೂ ಇಲ್ಲಿನ ವಿಳಾಸವೇ ಒಳ್ಳೆಯದು.

ಹೆಸರು ಎಲ್ಲೂ ಇಲ್ಲದವರಿಗೆ ನಮೂನೆ 6. ಊರಿನಲ್ಲಿ ಈಗಾಗಲೇ ಹೆಸರಿದ್ದರೆ ನಮೂನೆ 8ರಲ್ಲಿ ಸ್ಥಳಾಂತರ. ಅತಿ ಹೆಚ್ಚು ಎಡವುವುದು ಇಲ್ಲೇ. ಪಿಯುಸಿ ಮುಗಿಸುವಷ್ಟರಲ್ಲಿ ಮನೆಯವರೇ ಹೆಸರು ಸೇರಿಸಿರುತ್ತಾರೆ, ಮಕ್ಕಳಿಗೆ ಗೊತ್ತಿರುವುದಿಲ್ಲ. ಮೊದಲು ಮನೆಗೆ ಫೋನ್ ಮಾಡಿ ಕೇಳಿ, ಚುನಾವಣಾ ಆಯೋಗದ ಪೋರ್ಟಲಿನಲ್ಲೂ ಹುಡುಕಿ.

ನಮೂನೆ 6ಕ್ಕೆ ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಅಳತೆಯ ಫೋಟೊ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಆಧಾರ್ ಸಾಕು. ಹಾಸ್ಟೆಲ್ ವಿಳಾಸವಾದರೆ ಪ್ರಾಂಶುಪಾಲರೋ ಡೀನೋ ರುಜು ಹಾಕಿದ ಬೋನಫೈಡ್ ಪತ್ರ ಲಗತ್ತಿಸಬೇಕು. ಆನ್‌ಲೈನಿನಲ್ಲಿ ಇಂಗ್ಲಿಷ್ ಹೆಸರು ಟೈಪ್ ಮಾಡಿದರೆ ಪಕ್ಕದಲ್ಲಿ ಕನ್ನಡದ್ದು ತಾನಾಗಿ ಮೂಡುತ್ತದೆ. ಅದನ್ನು ನಂಬಬೇಡಿ. ಪೂಜಾರಿ ‘ಪೂಜರಿ’ ಆಗುವುದುಂಟು, ಡಿಸೋಜ ಗುರುತೇ ಸಿಗದ ಹಾಗೆ ಆಗುವುದುಂಟು. ದೀರ್ಘ, ಒತ್ತು ನೋಡಿ ಅಲ್ಲೇ ತಿದ್ದಿ. ಆಮೇಲೆ ತಿದ್ದಲು ಮತ್ತೆ ನಮೂನೆ 8 ಹಾಕಬೇಕು.

ಅರ್ಜಿ ಹೋದ ಮೇಲೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ವಿಳಾಸಕ್ಕೆ ಬಂದು ವಿಚಾರಿಸುತ್ತಾರೆ. ನೀವು ಕ್ಲಾಸಿನಲ್ಲಿ, ಗೇಟಿನಲ್ಲಿರುವವರಿಗೆ ಹೆಸರು ಗೊತ್ತಿಲ್ಲ ಎಂದಾದರೆ ಅರ್ಜಿ ತಿರಸ್ಕಾರವಾಗಬಹುದು. ಬ್ಲಾಕ್, ರೂಮ್ ನಂಬರ್ ಸರಿಯಾಗಿ ಬರೆಯಿರಿ, ವಾರ್ಡನ್ನರಿಗೆ ಮುಂಚೆಯೇ ಹೇಳಿಡಿ. ಅರ್ಜಿಯ ಉಲ್ಲೇಖ ಸಂಖ್ಯೆಯಿಂದ ಸ್ಥಿತಿ ನೋಡುತ್ತಿರಿ. ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ಅರ್ಹತಾ ದಿನಗಳಿವೆ, ಅಂದರೆ 18 ತುಂಬಿದೆಯೇ ಎಂದು ಲೆಕ್ಕ ಹಿಡಿಯುವ ದಿನಗಳು. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಚುನಾವಣೆ ಘೋಷಣೆಯಾಗಲಿ ಎಂದು ಕಾಯುವುದು ಅಪಾಯ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಯ ಪಟ್ಟಿಗೆ ಯಾರನ್ನೂ ಸೇರಿಸುವಂತಿಲ್ಲ. ಅರ್ಜಿಗೆ ಆಕ್ಷೇಪಣೆ ಕೇಳಲು ಏಳು ದಿನ ಬೇಕಾಗುವುದರಿಂದ ಆ ಕೊನೆಯ ದಿನಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿರಬೇಕು. 2024ರಲ್ಲಿ ದಕ್ಷಿಣ ಕನ್ನಡ, ಉಡುಪಿ-ಚಿಕ್ಕಮಗಳೂರು ಕ್ಷೇತ್ರಗಳಿಗೆ ನಾಮಪತ್ರ ಮುಗಿದದ್ದು ಏಪ್ರಿಲ್ 4ಕ್ಕೆ. ಅದಕ್ಕೂ ಹತ್ತು ದಿನ ಮೊದಲು, ಅಂದರೆ ಮತದಾನಕ್ಕೆ ಒಂದು ತಿಂಗಳಿರುವಾಗಲೇ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು.

ಮತದಾರರ ಗುರುತಿನ ಕಾರ್ಡ್ ಕೈಗೆ ಬಂತು ಎಂದು ನಿಶ್ಚಿಂತರಾಗಬೇಡಿ. ವೋಟು ಇರುವುದು ಪಟ್ಟಿಯಲ್ಲಿ. ಮತದಾನಕ್ಕೆ ವಾರ ಮೊದಲು ಹೆಸರು ಇದೆಯೇ ನೋಡಿ, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ಬರೆದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಇಲ್ಲದಿದ್ದರೆ ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ನಡೆಯುತ್ತದೆ. ಕಾಲೇಜಿನ ಐಡಿ ನಡೆಯುವುದಿಲ್ಲ, ಬಿಎಲ್‌ಒ ಕೊಟ್ಟ ಚೀಟಿ ಮಾತ್ರವಿದ್ದರೂ ನಡೆಯುವುದಿಲ್ಲ.

ಗುಂಡಿ ಒತ್ತಿದ ಮೇಲೆ, ವೋಟು ಯಾರಿಗೆ ಬಿತ್ತು ಎಂದು ತೋರಿಸುವ ವಿವಿಪ್ಯಾಟ್ ಯಂತ್ರದ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ, ನೋಡಿಯೇ ಹೊರಡಿ. ನಿಮ್ಮ ಹೆಸರಿನಲ್ಲಿ ಯಾರೋ ಆಗಲೇ ವೋಟು ಹಾಕಿದ್ದಾರೆ ಎಂದರೆ ಸುಮ್ಮನೆ ವಾಪಸ್ ಬರಬೇಡಿ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಹತ್ತಿರ ಟೆಂಡರ್ಡ್ ಮತ ಕೇಳಿ. ಗುರುತಿನ ಬಗ್ಗೆ ಅವರ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದರೆ ಕಾಗದದ ಮತಪತ್ರ ಕೊಡುತ್ತಾರೆ, ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ.